ಕೂಸಿನ ಕಿವಿಗೆ ಹೇಳಿದ ಹೆಸರು

"ಆ ಕೂಸು ಕಿವುಡಲ್ಲಪ್ಪಾ."

ವಿರುಪಮ್ಮ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿದ್ದ ತರಕಾರಿ ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಬಿಸಿಲಿಗೆ ಮುಖ ಕೆಂಪಾಗಿತ್ತು, ತುಟಿ ಮಾತ್ರ ಬಿಳಿಚಿಕೊಂಡಿತ್ತು.

ಗವಿಸಿದ್ದಪ್ಪ ಜಗಲಿಯಿಂದ ಎದ್ದರು. "ಯಾವ ಕೂಸವ್ವಾ?"

"ಕಂಪ್ಲಿ ಭರಮಣ್ಣಗೌಡನ ಮಗ. ಪ್ರಕಾಶ ಅಂತ ಕರೀತಾರಲ್ಲ, ಅದು. ಕರೆದ್ರ ತಿರುಗಿ ನೋಡಂಗಿಲ್ಲ, ಕಿವಿ ಕೇಳಂಗಿಲ್ಲ ಅಂತ ಊರೆಲ್ಲ ಮಾತಾಡತೈತಿ."

"ಈಗ ಏನಾತು?"

"ಕೂಸಿನ ಹುಟ್ಟುಗೂದಲಾ ತೆಗೆಸೋ ಜವಳಕ್ಕ ಬಟ್ಟಿ ತಗೊಳ್ಳಾಕ ಹೊಸಪೇಟಿಗೆ ಬಂದಿದ್ರು. ತಾಯಿ ಕರೆಮ್ಮ, ಸ್ವಾದರತ್ತಿ ದ್ಯಾಮಕ್ಕ. ಅಂಗಡಿ ಮುಂದ ಕೂಸು ಕೈ ಬಿಡಿಸ್ಕೊಂಡು ರಸ್ತೆಗೆ ಓಡ್ತು. ಸಂಡೂರಿನಿಂದ ಅದಿರಿನ ಲಾರಿ ಬರಾಕತ್ತಿತ್ತು. ಪ್ರಕಾಶಾ, ಪ್ರಕಾಶಾ ಅಂತ ತಾಯಿ ಒದರಿದ್ಲು. ತಿರುಗಲಿಲ್ಲ. ಆಗ ದ್ಯಾಮಕ್ಕ ಬ್ಯಾರೆ ಹೆಸರು ಹಿಡಿದು ಕೂಗಿದ್ಲು. ಕೂಸು ಗಕ್ಕನ ನಿಂತುಬಿಡ್ತು."

"ಏನಂತ ಕೂಗಿದ್ಲು?"

ವಿರುಪಮ್ಮ ಚೀಲ ಕೆಳಗಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹೇಳವ್ವಾ. ಯಾರ ಹೆಸರು?"

"ಅವ್ರ ಹೆಸರು."

ಯಾರದೆಂದು ಮತ್ತೆ ಕೇಳಬೇಕಾಗಿರಲಿಲ್ಲ. ಈ ಲೋಕದಲ್ಲಿ ವಿರುಪಮ್ಮ ಬಾಯಿಬಿಟ್ಟು ಹೇಳಲಾರದ ಹೆಸರು ಒಂದೇ ಇತ್ತು. ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಂಬಿದ ಮನೆ ಅದು. ಮದುವೆಯ ದಿನ ಅವನ ಹೆಸರು ಸೇರಿಸಿ ಒಡಪಿನ ಪದ ಕಟ್ಟಿ, ನಾಚಿ, ಒಮ್ಮೆ ಹೇಳಿದ್ದೇ ಕೊನೆ.

ಉಚ್ಚೆಂಗಪ್ಪ. ಚೋರನೂರಿನವನು, ಹೊಸಪೇಟೆಯ ಕಾಲೇಜಿನಲ್ಲಿ ಕನ್ನಡ ಕಲಿಸುತ್ತ ಊರಿನ, ಹೊಲದ, ಮನುಷ್ಯರ ಹೆಸರುಗಳ ಬೆನ್ನುಹತ್ತಿ ತಿರುಗುತ್ತಿದ್ದವನು. ಅವನು ಕಾಣೆಯಾಗಿ ಎರಡು ದೀಪಾವಳಿ ಕಳೆದಿದ್ದವು. ತಾನಾಗಿ ಮನೆ ಬಿಟ್ಟು ಹೋದವನು ಎಂದು ಪೊಲೀಸರು ಕೈತೊಳೆದುಕೊಂಡಿದ್ದರು.

ಅದೇ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದ ಅವನ ಮಾವ ಗವಿಸಿದ್ದಪ್ಪ ಕೈತೊಳೆದುಕೊಂಡಿರಲಿಲ್ಲ. ಪ್ರತಿ ಸೋಮವಾರ ಹಂಪಿಗೆ ಹೋಗಿ ವಿರೂಪಾಕ್ಷನ ಮುಂದೆ ನಿಲ್ಲುತ್ತಿದ್ದರು. ಮಕ್ಕಳು ಮರಿ ಚೆನ್ನಾಗಿರಲಿ ಎಂದು ಬೇಡುತ್ತಿರಲಿಲ್ಲ. ತಂದೆಯೇ, ಇದರ ಹಿಂದಿರುವ ಆ ಕೈ ಯಾವುದು, ಅದನ್ನು ನನಗೆ ತೋರಿಸು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಇಷ್ಟೇ ಅವರ ಪ್ರಾರ್ಥನೆ.

"ಉಚ್ಚೆಂಗೆಮ್ಮನ ಒಕ್ಕಲು ಭಾಳ ಮಂದಿ ಅದಾರವ್ವಾ, ಅವ್ರೆಲ್ಲ ಇದ ಹೆಸರು ಇಡ್ತಾರ," ಎಂದರು ಗವಿಸಿದ್ದಪ್ಪ. ಪತ್ತೆ ಕೆಲಸದ ಹಳೆಯ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಸರಿ ಎನಿಸುವ ಸುಳಿವನ್ನೇ ಮೊದಲು ತಟ್ಟಿ ನೋಡಬೇಕು.

"ಇರಬೌದು. ಭರಮಣ್ಣಗೌಡನ ಮನ್ಯಾಗ ಇಲ್ಲ. ನಮ್ಮ ಮನ್ಯಾವ್ರು ಕುಂತು ಗೌಡನ ವಂಶಾನೆಲ್ಲ ಕೇಳಿದ್ರು, ನಾನೂ ಅಲ್ಲೇ ಇದ್ದೆ. ಭರಮಪ್ಪ, ಸುಂಕಪ್ಪ, ಮತ್ತ ಭರಮಪ್ಪ, ಮತ್ತ ಸುಂಕಪ್ಪ. ಎರಡ ಹೆಸರಿನ್ಯಾಗ ಇಡೀ ವಂಶ ಮುಗಿಸ್ಯಾರಲ್ರೀ ಗೌಡ್ರ ಅಂತ ಇವ್ರು ನಕ್ಕಿದ್ರು."

"ಗೌಡ ಗೆಳ್ಯಾನ ಹೆಸರಂತ ಪ್ರೀತಿಗೆ ಇಟ್ಟಿದ್ರ?"

"ಪ್ರೀತಿಗೆ ಇಟ್ಟೋರು ಮುಚ್ಚಿ ಇಡ್ತಾರೇನು? ಇರ್ಲಿ, ಬದುಕಿದ್ದೋರ ಹೆಸರು ಕೂಸಿನ ಕಿವಿಗೆ ಯಾರರ ಹೇಳ್ತಾರೇನಪ್ಪಾ?"

ಗವಿಸಿದ್ದಪ್ಪ ಜಗಲಿಯ ಮೇಲೆ ಮೆಲ್ಲನೆ ಕುಳಿತರು.

ಅವರು ಮಗಳನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಅದು ಅವರ ತಾಯಿಯ ಹೆಸರು. ಮಗಳು ಹುಟ್ಟಿದಾಗ ಮೊಲೆ ಹಿಡಿಯದೆ ಒಂದೇ ಸಮನೆ ಅಳುತ್ತಿದ್ದಳು. ಹಿರಿಯರು ಯಾರೋ ಹೆಸರು ಬೇಡುತ್ತಿದ್ದಾರೆ ಎಂದು ಮನೆಯವರು ಸತ್ತವರ ಹೆಸರುಗಳನ್ನು ಒಂದೊಂದಾಗಿ ಕೂಸಿನ ಕಿವಿಗೆ ಹೇಳುತ್ತ ಬಂದರು. ವಿರುಪಮ್ಮ ಎಂದಾಗ ಅಳು ನಿಂತಿತು, ಕೂಸು ಮೊಲೆ ಹಿಡಿಯಿತು. ತೊಟ್ಟಿಲ ಕಾರ್ಯದ ದಿನ ಸೋದರತ್ತೆ ಅದೇ ಹೆಸರನ್ನು ಕಿವಿಗೆ ಹೇಳಿದಳು. ಹೆಂಗಸರು ವಾಡಿಕೆಯಂತೆ ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಹೋಗಿದ್ದ ತಾಯಿ ತಿರುಗಿ ಬಂದಳೆಂದು ಗವಿಸಿದ್ದಪ್ಪ ಅಂದಿನಿಂದ ಅವ್ವಾ ಎಂದೇ ಕರೆದರು.

ಸತ್ತವರ ಹೆಸರನ್ನೇ ಹೇಳಬೇಕು. ಬದುಕಿರುವವನ ಹೆಸರು ಹೇಳಿದರೆ ಅವನಿಗೆ ಸಾವನ್ನು ಕರೆದಂತೆ. ಕಳ್ಳನೂ ಕೊಲೆಗಾರನೂ ಈ ಒಂದು ಕಟ್ಟನ್ನು ಮುರಿಯುವುದಿಲ್ಲ.

ಭರಮಣ್ಣನ ಮಗ ಹುಟ್ಟಿದ್ದು ಉಚ್ಚೆಂಗಪ್ಪ ಕಾಣೆಯಾದ ಮರುತಿಂಗಳು. ಉಚ್ಚೆಂಗಪ್ಪ ಅಲ್ಲಿದ್ದಾನಂತೆ, ಇಲ್ಲಿದ್ದಾನಂತೆ ಎಂದು ಭರಮಣ್ಣ ಸುದ್ದಿ ತರುತ್ತಿದ್ದುದೂ ಅದೇ ಕಾಲದಲ್ಲಿ. ಹೊರಗೆ ಬದುಕಿದ್ದಾನೆ ಎನ್ನುತ್ತಿದ್ದ ಮನೆಯ ಒಳಗೆ, ತೊಟ್ಟಿಲಲ್ಲಿ, ಸತ್ತಿದ್ದಾನೆಂದು ಒಪ್ಪಿಕೊಂಡಿದ್ದರು.

ಗವಿಸಿದ್ದಪ್ಪ ಮಗಳ ಹಣೆ ನೋಡಿದರು. ಕುಂಕುಮ ಬೆವರಿಗೆ ಸ್ವಲ್ಪ ಹರಡಿತ್ತು.

"ಇದು ಖರೇ ಅಂತಾದ್ರ..." ಎಂದು ತೊದಲಿದರು.

"ಖರೇ ಆದ್ರ ನನ್ನ ಕುಂಕುಮ ಹೋಗತೈತಿ. ಗೊತ್ತೈತಪ್ಪಾ. ದಾರಿಯುದ್ದಕ್ಕೂ ಅದನ್ನ ಯೋಚ್ನೆ ಮಾಡ್ಕಂತ ಬಂದೆ." ವಿರುಪಮ್ಮ ಚೀಲ ಎತ್ತಿಕೊಂಡಳು. "ನಾಳೆ ಜವಳ. ನಮ್ಮನ್ನೂ ಕರೆದಾನಲ್ಲ ಗೌಡ. ಹೋಗೂಣು."

*

ಮರುದಿನ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಮೂವರು ಕಂಪ್ಲಿಗೆ ಹೊರಟರು. ಕಾರು ನಡೆಸುತ್ತಿದ್ದ ಮೂರನೆಯವರು ಹಂಪಯ್ಯನವರು. ಎರಡೂ ಮನೆಗಳಿಗೆ ಪೂಜೆಗೆ ಬರುತ್ತಿದ್ದ ಅಯ್ಯನವರು ಅವರೇ. ಜವಳಕ್ಕೂ ಅವರೇ ಬೇಕಾಗಿತ್ತು. ಉಚ್ಚೆಂಗಪ್ಪ ಕಾಣೆಯಾದ ಮೇಲೆ ಈ ತಂದೆ ಮಗಳಿಗೆ ಆಸರೆಯಾಗಿ ನಿಂತವರೆಂದರೆ ಅವರು. ದಿನ ಬಿಟ್ಟು ದಿನ ಬಂದು ವಿಭೂತಿ ಹಚ್ಚುತ್ತಿದ್ದರು. ಆ ಬೆಳಿಗ್ಗೆಯೂ ಇಬ್ಬರ ಹಣೆಗೂ ತಾವೇ ಹಚ್ಚಿ, "ಮುತ್ತೈದಿಯಾಗಿ ಬಾಳವ್ವಾ, ಬರತಾನ," ಎಂದಿದ್ದರು.

ಕಾಲುವೆಯ ಪಕ್ಕದ ರಸ್ತೆ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಭತ್ತ. ಹೊಸ ತಾರಸಿ ಮನೆಗಳು, ಹೊಸ ಟ್ರಾಕ್ಟರುಗಳು.

ಸೇತುವೆಯ ಹತ್ತಿರ ವಿರುಪಮ್ಮ ಕಿಟಕಿಯಿಂದ ಹೊರಗೆ ನೋಡಿದಳು. ಆಳೆತ್ತರಕ್ಕೂ ಮೀರಿ ಕಬ್ಬು ಬೆಳೆದ ಹೊಲ. ಈಗ ಅದನ್ನು ಹುಲಿಹೊಲ ಎನ್ನುತ್ತಾರೆ.

ಕಾಲುವೆಯ ನೀರು ಬರುವ ಮೊದಲು ಅದು ಹುಲುಗಮ್ಮನ ಮಾನ್ಯ. ದೇವಿಯ ಗುಡಿಗೆ ಬಿಟ್ಟ ಭೂಮಿ. ಗುಡಿಯ ಸೇವೆ ಮಾಡುವ ಬಡವರು ಉಣ್ಣುತ್ತಿದ್ದರು. ನೀರು ಬಂದದ್ದೇ ತಡ, ಯಾರೋ ಹೊಲದ ಕಾಗದಪತ್ರದಲ್ಲಿ ಆ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿದರು. ತಿರುಗಿಸುವಾಗ ದೇವಿಯ ಹೆಸರನ್ನು ಬರೇ ಹುಲಿ ಮಾಡಿದರು. ಇಂಗ್ಲಿಷಿನಿಂದ ಮರಳಿ ಕನ್ನಡಕ್ಕೆ ಬಂದಾಗ ಹುಲಿ ಇತ್ತು, ಹೊಲ ಇತ್ತು, ಅಮ್ಮ ಇರಲಿಲ್ಲ. ಮಾನ್ಯ ಎಂಬ ಮಾತೂ ಇರಲಿಲ್ಲ. ಹೊಲ ಭರಮಣ್ಣಗೌಡನದಾಯಿತು.

ಉಚ್ಚೆಂಗಪ್ಪ ಅದನ್ನು ಪತ್ತೆ ಹಚ್ಚಿದ್ದ. ಹಂಪಿಯಲ್ಲಿ ಬೀಡುಬಿಟ್ಟಿದ್ದ ಪರದೇಶದ ವಿದ್ವಾಂಸನೊಬ್ಬನ ಕೂಡ ಅವನು ಇದೇ ವಿಷಯಕ್ಕೆ ಜಗಳವಾಡಿದ್ದನ್ನು ವಿರುಪಮ್ಮ ಕೇಳಿದ್ದಳು. ಹೆಸರಿನ ಅರ್ಥವನ್ನು ಪಕ್ಕದಲ್ಲಿ ಬೇಕಾದರೆ ಬರೆಯಿರಿ, ಹೆಸರನ್ನು ಎಬ್ಬಿಸಿ ಅದರ ಜಾಗದಲ್ಲಿ ಅರ್ಥವನ್ನು ಕೂರಿಸಬೇಡಿ. ಕೂರಿಸಿದಿರೋ, ಅಲ್ಲಿ ಬಾಳಿದವರೆಲ್ಲ ಮನೆ ಕಳೆದುಕೊಳ್ಳುತ್ತಾರೆ ಎಂದಿದ್ದ. ಊರ ಮುಂದೆ ನಿಂತು ಆ ಹೊಲದ ಹಳೆಯ ಹೆಸರು ಹೇಳುತ್ತೇನೆಂದು ಹೊರಟವನು ತಿರುಗಿ ಬರಲಿಲ್ಲ.

"ಯಾಕೋ ನಿಮ್ಮ ಮುಖ ಸರಿ ಇಲ್ಲ ಗವಿಸಿದ್ದಪ್ಪ," ಎಂದರು ಹಂಪಯ್ಯನವರು. "ಶುಭಕಾರ್ಯದಾಗ ಏನೂ ಮಾತು ತೆಗೀಬ್ಯಾಡ್ರಿ. ದೇವರು ನೋಡ್ಕೊಂತಾನ."

"ನೋಡ್ಲಿ ಅಂತನ ಹೊಂಟೀನ್ರಿ," ಎಂದರು ಗವಿಸಿದ್ದಪ್ಪ.

*

ಭರಮಣ್ಣಗೌಡನ ಅಂಗಳದಲ್ಲಿ ಚಪ್ಪರ. ಹೋಳಿಗೆಯ ವಾಸನೆ. ಒಂದು ಮೂಲೆಯಲ್ಲಿ ಕಬ್ಬು ಕಡಿಯುವ ಆಳುಗಳು ಊಟಕ್ಕೆ ಕಾಯುತ್ತ ಕುಳಿತಿದ್ದರು. ಮಚ್ಚುಗಳನ್ನು ಗೋಡೆಗೆ ಒರಗಿಸಿದ್ದರು. ಹಂಪಯ್ಯನವರು ಚಪ್ಪರದ ತಲೆಗೆ ಹಾಸಿದ್ದ ಕಂಬಳಿಯ ಮೇಲೆ ಕುಳಿತು ಪೂಜೆಯ ಸಾಮಾನು ಜೋಡಿಸತೊಡಗಿದರು.

"ಬರ್ರಿ ಬರ್ರಿ ಸಾಹೇಬ್ರ, ಕುಂದ್ರಿ!" ಭರಮಣ್ಣಗೌಡ ಎದ್ದು ಬಂದ. ದಪ್ಪ ಮೀಸೆ, ಬೆರಳಿಗೆ ಉಂಗುರ. "ತಂಗೆವ್ವಾ, ನೀನೂ ಬಂದಿ? ಭಾಳ ಚಲೋ ಆತು. ಒಂದ್ ಸುದ್ದಿ ಐತಿ. ಮೊನ್ನೆ ನಮ್ಮ ಲಾರಿಯವ ಸೊಲ್ಲಾಪುರದಾಗ ನಿಮ್ಮ ಅಳಿಯನ್ನ ಕಂಡ್ನಂತ್ರಿ. ಎದಿಮಟ ಗಡ್ಡ ಬಿಟ್ಟಾನಂತ."

"ಹೋದ ತಿಂಗಳು ಹುಬ್ಬಳ್ಳ್ಯಾಗ ಕಂಡಾಗ ನುಣ್ಣಗ ಬೋಳಿಸ್ಕೊಂಡಿದ್ದ ಅಂದಿದ್ರಿ," ಎಂದರು ಗವಿಸಿದ್ದಪ್ಪ. "ಅವನ ಗಡ್ಡ ನಿಮ್ಮ ಕಬ್ಬಿನಕಿಂತ ಜಲ್ದಿ ಬೆಳೀತೈತಿ ಬಿಡ್ರಿ ಗೌಡ್ರ."

ಸುತ್ತ ಕುಳಿತವರು ನಕ್ಕರು. ಭರಮಣ್ಣ ನಗಲು ಸ್ವಲ್ಪ ತಡ ಮಾಡಿದ.

"ಎಲ್ಲಿ ನಿಮ್ಮ ಮಗ?"

ಚಪ್ಪರದ ಕಂಬದ ಹತ್ತಿರ ಮಗು ತಗಡಿನ ಟ್ರಾಕ್ಟರು ಹಿಡಿದು ಮಣ್ಣಿನಲ್ಲಿ ಆಡುತ್ತಿತ್ತು. ಹುಟ್ಟುಗೂದಲು ಭುಜದ ತನಕ ಇಳಿದಿತ್ತು.

"ಪ್ರಕಾಶಾ! ಏ ಪ್ರಕಾಶಾ! ಅಜ್ಜಾರು ಬಂದಾರ, ಬಾ ಇಲ್ಲಿ!"

ಮಗು ಟ್ರಾಕ್ಟರು ದೂಡುತ್ತಲೇ ಇತ್ತು.

"ಆಟದಾಗ ಬಿತ್ತಂದ್ರ ಹಂಗ್ರಿ. ಬಳ್ಳಾರಿ ಡಾಕ್ಟ್ರಿಗೆ ತೋರಿಸಬೇಕಂತ ಮಾಡೀನಿ," ಎಂದ ಭರಮಣ್ಣ.

ಅಷ್ಟರಲ್ಲಿ ಒಳಬಾಗಿಲಲ್ಲಿ ಗದ್ದಲವೆದ್ದಿತು. ಕರೆಮ್ಮನ ತವರಿನ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, ಒಳಗೆ ಹೋಗುವ ಮುತ್ತೈದೆಯರನ್ನೆಲ್ಲ ತಡೆದು ಒಡಪು ಕೇಳುತ್ತಿದ್ದರು. ಗಂಡನ ಹೆಸರು ಹೇಳಿದವಳಿಗೆ ದಾರಿ. ಈಗ ಅವರ ಮುಂದೆ ವಿರುಪಮ್ಮ ನಿಂತಿದ್ದಳು.

"ಹಂಗ ಬಿಡಂಗಿಲ್ಲ. ಯಜಮಾನ್ರ ಹೆಸರು ಹೇಳಿ ಒಳಗ ಬಾ!"

"ನೋಡ್ರೇ, ಟೀಚರ್ ಅಂತ. ಸಾಲ್ಯಾಗ ಹಾಜರಿ ಕೂಗಾಕ ಬರತೈತಿ, ಗಂಡನ ಹೆಸರು ಬರವಲ್ದು!"

ಒಳಗಿನಿಂದ ಕರೆಮ್ಮ ಓಡಿ ಬಂದಳು. "ಬ್ಯಾಡ್ರೇ, ಆಕಿನ್ನ ಬಿಡ್ರಿ. ನಿಮಗ ಗೊತ್ತಿಲ್ಲ, ಬಿಡ್ರೇ!"

"ಇರ್ಲಿ ಬಿಡಕ್ಕಾ, ಕೇಳಿದ್ದು ತಪ್ಪೇನಲ್ಲ," ಎಂದಳು ವಿರುಪಮ್ಮ. "ನನಗ ಒಡಪು ಕಟ್ಟಾಕ ಬರಂಗಿಲ್ಲ. ಬರೇ ಹೆಸರು ಹೇಳಿದ್ರ ನಡೀತೈತೇನು?"

"ಅಯ್ಯ! ಬರೇ ಹೆಸರಂತ!" ಒಬ್ಬಳು ಬಾಯಿಗೆ ಸೆರಗು ಹಚ್ಚಿಕೊಂಡಳು.

ವಿರುಪಮ್ಮ ಹೊಸ್ತಿಲಿಗೆ ಬೆನ್ನು ತಿರುಗಿಸಿದಳು. ಅಂಗಳದ ಕಡೆ ಮುಖ ಮಾಡಿದಳು. ಗವಿಸಿದ್ದಪ್ಪ ಕಣ್ಣು ಮುಚ್ಚಿದರು.

"ಉಚ್ಚೆಂಗಪ್ಪ," ಎಂದಳು.

ಜೋರಾಗಿ ಹೇಳಲಿಲ್ಲ. ಊಟಕ್ಕೆ ಕರೆಯುವಂತೆ ಹೇಳಿದಳು.

ಕಂಬದ ಹತ್ತಿರದ ಮಗು ಕತ್ತೆತ್ತಿತು. "ಆಂ?" ಎಂದಿತು. ಟ್ರಾಕ್ಟರನ್ನು ಅಲ್ಲೇ ಬಿಟ್ಟು, ಮಣ್ಣಾದ ಕೈಗಳನ್ನು ಮುಂದೆ ಚಾಚಿ ಓಡಿ ಬಂದು ವಿರುಪಮ್ಮನ ಮೊಣಕಾಲು ಹಿಡಿದುಕೊಂಡಿತು.

ಒಲೆಯ ಮೇಲೆ ಎಣ್ಣೆ ಕುದಿಯುವ ಸದ್ದು ಅಂಗಳದವರೆಗೂ ಕೇಳುತ್ತಿತ್ತು.

ವಿರುಪಮ್ಮ ಬಗ್ಗಿ ಮಗುವನ್ನು ಎತ್ತಿಕೊಂಡಳು. "ಕಿವಿ ಚಲೋ ಅದಾವ್ರಿ ಗೌಡ್ರ. ಡಾಕ್ಟ್ರು ಬ್ಯಾಡ," ಎಂದಳು.

ಗವಿಸಿದ್ದಪ್ಪ ಯಾವಾಗ ಎದ್ದರೋ ಯಾರೂ ನೋಡಲಿಲ್ಲ. ಅವರ ಕೈ ಭರಮಣ್ಣನ ಅಂಗಿಯ ಕೊರಳಪಟ್ಟಿಯಲ್ಲಿತ್ತು. ಅರವತ್ತು ದಾಟಿದ ಕೈ. ಆದರೆ ಗೌಡ ಅಲುಗಾಡಲಾರದೆ ಕಂಬಕ್ಕೆ ಒರಗಿದ.

"ಬದುಕಿದ್ದೋರ ಹೆಸರು ಕೂಸಿನ ಕಿವಿಗೆ ಹೇಳ್ತಾರೇನಲೇ? ಹೇಳು! ಸೊಲ್ಲಾಪುರದಾಗ ಗಡ್ಡ ಬಿಟ್ಟ ತಿರುಗೋನ ಹೆಸರು ನಿನ್ನ ತೊಟ್ಟಿಲಿಗೆ ಹೆಂಗ ಬಂತು? ಎರಡು ವರ್ಷ ನನ್ನ ಮಗಳು ಬಾಗ್ಲಾ ಕಾದ್ಕಂತ ಕುಂತಾಳ. ಅನ್ನ ಮಾಡಿ ಎರಡು ತಾಟು ಇಡ್ತಾಳ. ನೀನು ಆ ಅನ್ನದ ಮುಂದ ಕುಂತು ಸುಳ್ಳು ಹೇಳಿ ಎದ್ದು ಬಂದಿ."

"ಸಾಹೇಬ್ರ... ನಾನಲ್ರಿ..."

"ಎಲ್ಲಿ ಹಾಕಿರಿ ಅವನ್ನ?"

"ಬಿಡ್ರಿ ನನ್ನ ತಮ್ಮನ್ನ!" ದ್ಯಾಮಕ್ಕ ಜನರನ್ನು ಸೀಳಿಕೊಂಡು ಬಂದು ಗವಿಸಿದ್ದಪ್ಪನವರ ಕಾಲ ಬಳಿ ಕುಸಿದಳು. ಗಂಡನನ್ನು ಕಳೆದುಕೊಂಡು ತಮ್ಮನ ಮನೆಯಲ್ಲೇ ಇದ್ದ ಹೆಂಗಸು. ಈ ಮಗುವನ್ನು ಸಾಕಿದವಳು ಅವಳೇ. "ಕಿವಿಗೆ ಹೇಳಿದಾಕಿ ನಾನು. ಹಿಡಿಯೂದಾದ್ರ ನನ್ನ ಹಿಡೀರಿ. ಆದ್ರ ಆ ಹೆಸರು ಅವನ ಬಾಯಾಗಿಂದ ಬಂದಿಲ್ರಿ!"

"ಮತ್ತ ಯಾರ ಬಾಯಾಗಿಂದ ಬಂತು?"

"ಕೂಸು ಮೊಲಿ ಹಿಡೀಲಿಲ್ರಿ. ಅತ್ತು ಅತ್ತು ನೀಲಿಗಟ್ಟಿತ್ತು. ಭರಮಪ್ಪ ಅಂದ್ವಿ, ಸುಂಕಪ್ಪ ಅಂದ್ವಿ, ಸತ್ತ ಹೆಣ್ಮಕ್ಕಳ ಹೆಸರೂ ಅಂದ್ವಿ. ನಿಲ್ಲಲಿಲ್ಲ. ಉಸಿರು ನಿಂತ ಹೋಗತೈತಿ ಅನ್ನೂ ಹೊತ್ತಿನ್ಯಾಗ ಅವ್ರು ಬಂದು ಕೂಸಿನ್ನ ತೊಡಿ ಮ್ಯಾಲೆ ಹಾಕ್ಕೊಂಡ್ರು. ತಮಗ ಗೊತ್ತಿದ್ದ ಹೆಸರೆಲ್ಲ ಹೇಳಿದ್ರು. ಕಡೀಕ ಸುಮ್ನ ಕುಂತ್ರು. ಆಮ್ಯಾಲೆ ಈ ಹೆಸರು ಹೇಳಿದ್ರು. ಗಪ್ಪಂತ ಅಳು ನಿಂತು ಮೊಲಿ ಹಿಡೀತು."

"ಯಾರ ಹೆಸರಂತ ಕೇಳಲಿಲ್ಲೇನು ನೀನು?"

"ನಿಮ್ಮ ಅಳಿಯನ್ನ ನಾವು ಮಾಸ್ತರ್ರು, ಮಾಸ್ತರ್ರು ಅಂತಿದ್ವಿ. ಊರ ಮಂದಿ ಹೆಸರೆಲ್ಲ ಕೇಳ್ಕೊಂಡು ಹೋದ್ರು, ಅವ್ರ ಹೆಸರು ನಾವು ಯಾರೂ ಕೇಳಲಿಲ್ರಿ." ದ್ಯಾಮಕ್ಕ ನೆಲಕ್ಕೆ ಹಣೆ ಚಚ್ಚಿಕೊಂಡಳು. "ಹೊರಗ ಬ್ಯಾರೆ ಹೆಸರು ಇಟ್ಕೋರಿ, ಇದನ್ನ ಬಾಯಿ ಬಿಟ್ರ ಕೂಸು ಉಳಿಯಂಗಿಲ್ಲ ಅಂದ್ರು. ನಾನು ಒಳಗ ಒಬ್ಬಾಕಿನ ಇದ್ದಾಗ ಕರೀತಿದ್ದೆ."

ಗವಿಸಿದ್ದಪ್ಪನವರ ಹಿಡಿತ ಸಡಿಲವಾಗಲಿಲ್ಲ. "ನಿನಗ ಗೊತ್ತಿತ್ತಲ್ಲೋ ಗೌಡ, ಅದು ಯಾರ ಹೆಸರಂತ."

"ಗೊತ್ತಿತ್ರಿ." ಭರಮಣ್ಣನ ಮುಖದ ಮೇಲೆ ಬೆವರು ಹರಿಯುತ್ತಿತ್ತು. "ಅದನ್ನ ಕೇಳಿದ ದಿನಾನ ತಿಳೀತು, ಮಾಸ್ತರ್ರು ಉಳಿದಿಲ್ಲ ಅಂತ. ಹೆಂಗ ಅಂತ ಕೇಳಾಕ ಧೈರ್ಯ ಆಗ್ಲಿಲ್ಲ. ಹೊಲ ನನ್ನ ಕೈಯಾಗಿತ್ತು. ಕಾಗದದಾಗ ಆ ಹೊಲದ ಹೆಸರು ತಿರುಗಿಸಿ ಕೊಟ್ಟೋರೂ ಅವ್ರ. ಸೊಲ್ಲಾಪುರ, ಹುಬ್ಬಳ್ಳಿ ಅಂತ ಹೇಳ್ಕಂತಿರು, ಹೆಣ್ಮಗಳ ಕುಂಕುಮ ಉಳೀತೈತಿ, ಪುಣ್ಯ ಬರತೈತಿ ಅಂದೋರೂ ಅವ್ರ."

"ಯಾರು ಅವ್ರು?"

ಭರಮಣ್ಣನ ಕಣ್ಣು ಗವಿಸಿದ್ದಪ್ಪನವರ ಭುಜದಾಚೆ ಹೋಯಿತು, ಚಪ್ಪರದ ತಲೆಗೆ.

ಗವಿಸಿದ್ದಪ್ಪ ತಿರುಗಿದರು.

ಕಂಬಳಿಯ ಮೇಲೆ ಯಾರೂ ಇರಲಿಲ್ಲ. ಊದುಬತ್ತಿ ಇನ್ನೂ ಉರಿಯುತ್ತಿತ್ತು. ವಿಭೂತಿಯ ಗಟ್ಟಿ ಎರಡು ತುಂಡಾಗಿ ಬಿದ್ದಿತ್ತು.

ಹೊರಗೆ ಅವರು ಬಂದಿದ್ದ ಕಾರು ಗುರ್ರೆಂದಿತು.

ಗವಿಸಿದ್ದಪ್ಪನವರ ಬಲಗೈ ತಾನಾಗಿ ಹಣೆಗೆ ಹೋಯಿತು. ಬೆಳಿಗ್ಗೆ ಹಚ್ಚಿಸಿಕೊಂಡ ವಿಭೂತಿ ಒಣಗಿ ಬಿರುಕು ಬಿಟ್ಟಿತ್ತು. ಎರಡು ವರ್ಷ ಸೋಮವಾರ ತಪ್ಪದೆ ಬೇಡಿದ್ದರು, ಆ ಕೈ ತೋರಿಸು ಎಂದು. ದೇವರು ದಿನ ಬಿಟ್ಟು ದಿನ ತೋರಿಸಿದ್ದ. ಇವರು ಬಗ್ಗಿ ಹಣೆ ಕೊಟ್ಟಿದ್ದರು.

ವಿರುಪಮ್ಮ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಾಗಿಲಿಗೆ ಓಡಿದಳು. ರಸ್ತೆಯ ಧೂಳಿನಲ್ಲಿ ಕಾರು ಹೋಗುತ್ತಿತ್ತು. ಆ ಮನೆಯಲ್ಲಿ, ಈ ಮನೆಯಲ್ಲಿ, ಯಾರೂ ಎಂದೂ ಹಂಪಯ್ಯನನ್ನು ಅಯ್ಯನವರೇ ಎನ್ನದೆ ಮಾತಾಡಿಸಿರಲಿಲ್ಲ.

"ಏ ಹಂಪ್ಯಾ!" ಎಂದು ಅವಳು ಕೂಗಿದ ಕೂಗಿಗೆ ಚಪ್ಪರದ ಹಕ್ಕಿಗಳೆದ್ದವು. "ನಿಲ್ಲಲೇ, ಹಂಪ್ಯಾ!"

ಕಾರು ನಿಲ್ಲಲಿಲ್ಲ. ಹೊಸಪೇಟೆಯ ಕಡೆಗೂ ಹೋಗಲಿಲ್ಲ. ಸೇತುವೆಯ ಹತ್ತಿರ ಎಡಕ್ಕೆ ಹೊರಳಿ ಕಬ್ಬಿನೊಳಗಿನ ಬಂಡಿಜಾಡಿಗೆ ಇಳಿಯಿತು. ಹುಲುಗಮ್ಮನ ಮಾನ್ಯದ ಕಡೆಗೆ.

ಓಡಿಹೋಗುವವನು ಅಲ್ಲಿಗೆ ಯಾಕೆ ಹೋಗುತ್ತಾನೆ? ತಂದೆ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಚ್ಚೆಂಗಪ್ಪನನ್ನು ಎಲ್ಲಿ ಹಾಕಿದ್ದಾರೆಂದು ಇಬ್ಬರಿಗೂ ತಿಳಿಯಿತು.

ಗವಿಸಿದ್ದಪ್ಪ ಗೋಡೆಗೆ ಒರಗಿಸಿದ್ದ ಮಚ್ಚುಗಳಲ್ಲಿ ಒಂದನ್ನು ಎತ್ತಿಕೊಂಡರು. ಆಳುಗಳು ಎದ್ದು ನಿಂತರು. ತಡೆಯಲು ಯಾರೂ ಮುಂದೆ ಬರಲಿಲ್ಲ.

"ಅಪ್ಪಾ," ಎಂದಳು ವಿರುಪಮ್ಮ.

ಬೇಡ ಎನ್ನುತ್ತಾಳೆ ಎಂದುಕೊಂಡರು ಅವರು. ಜೀವನವೆಲ್ಲ ಕಾನೂನಿನ ಅಂಗಿ ತೊಟ್ಟಿದ್ದ ಮನುಷ್ಯ, ಮಗಳ ಆ ಒಂದು ಮಾತಿಗಾಗಿ ಕಾದು ನಿಂತರು.

ವಿರುಪಮ್ಮ ಸೆರಗಿನ ತುದಿಯಿಂದ ಹಣೆಯ ವಿಭೂತಿಯನ್ನು ಒರೆಸಿದಳು. ಕುಂಕುಮವೂ ಅದರೊಡನೆ ಹೋಯಿತು. ಮಗುವನ್ನು ದ್ಯಾಮಕ್ಕನ ಕೈಗೆ ಕೊಟ್ಟಳು. ಮಗು ಅವಳ ಬಳೆ ಹಿಡಿದುಕೊಂಡಿತ್ತು, ಬಿಡಿಸಬೇಕಾಯಿತು.

"ಇನ್ನೊಂದು ಮಚ್ಚು ನನಗ ಕೊಡಪ್ಪಾ," ಎಂದಳು.